ರಿಯಾಯಿತಿ ಅಂಗಡಿಯ ಬಣ್ಣದ ಪೆಟ್ಟಿಗೆ: ಚಿತ್ರಕಲಾ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ



ನಲವತ್ತು ಐವತ್ತು ಮಕ್ಕಳಿರುವ ತರಗತಿಗೆ ಬಣ್ಣ, ಕುಂಚ, ಕಾಗದಗಳನ್ನು ಹೊಂದಿಸಬೇಕಾದ ಶಿಕ್ಷಕರು ಕಲಾಸಾಮಗ್ರಿಗೆಂದೇ ಮೀಸಲಾದ ಮಳಿಗೆಗಳ ಮೆಟ್ಟಿಲು ಹತ್ತುವುದು ಅಪರೂಪ. ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆಗಳ ಸಗಟು ಅಂಗಡಿಗಳು, ಹುಬ್ಬಳ್ಳಿಯ ದುರ್ಗದಬೈಲಿನಂಥ ಪೇಟೆಗಳು, ತಾಲ್ಲೂಕು ಊರುಗಳಲ್ಲಿ ಎಲ್ಲ ಸರಕಿಗೂ ಒಂದೇ ದರವೆಂದು ಫಲಕ ಹಾಕಿದ ರಿಯಾಯಿತಿ ಅಂಗಡಿಗಳು, ಇವೇ ಅವರ ಆಸರೆ. ಇಂಥ ಅಂಗಡಿಗಳ ಸರಕಿನ ಬಗ್ಗೆ ಕಲಾವಲಯದಲ್ಲಿ ಎರಡು ನಿಲುವುಗಳು ಬೇರೂರಿವೆ. ಅಗ್ಗದ್ದೆಲ್ಲ ಕಳಪೆ, ಅದನ್ನು ಹಿಡಿದ ಮಗು ಕಲಿಯುವುದೂ ಕಳಪೆಯನ್ನೇ ಎಂಬುದು ಒಂದು. ಹೇಗಿದ್ದರೂ ಮಕ್ಕಳ ಚಿತ್ರ ತಾನೇ, ವರ್ಷದ ಕೊನೆಗೆ ರದ್ದಿಗೆ ಹೋಗುವುದಕ್ಕೆ ಯಾವ ಬಣ್ಣವಾದರೇನು ಎಂಬುದು ಇನ್ನೊಂದು. ಮೊದಲನೆಯದು ಬಡ ಮಗುವನ್ನು ಕಲೆಯಿಂದ ದೂರ ಇಡುತ್ತದೆ. ಎರಡನೆಯದು ಆ ಮಗು ಮಾಡಿದ ಕೆಲಸಕ್ಕೆ ಬಾಳುವ ಹಕ್ಕೇ ಇಲ್ಲವೆಂದು ಮೊದಲೇ ತೀರ್ಮಾನಿಸಿಬಿಡುತ್ತದೆ. ಬಣ್ಣದ ಬೆಲೆಗೂ ಅದರ ಬಾಳಿಕೆಗೂ ಇರುವ ಸಂಬಂಧ ಜನ ನಂಬಿರುವಷ್ಟು ಬಿಗಿಯಾದದ್ದಲ್ಲವೆಂದೂ, ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ಬಲ್ಲವರಿಗೆ ರಿಯಾಯಿತಿ ಅಂಗಡಿಯಲ್ಲೇ ಗಟ್ಟಿಯಾದ ಸಾಮಗ್ರಿ ಸಿಗುತ್ತದೆಂದೂ ತಮ್ಮ ಮುಂದೆ ಸಕಾರಣವಾಗಿ ಇಡುವುದು ಈ ಪತ್ರದ ಉದ್ದೇಶ.

ಯಾವುದೇ ಬಣ್ಣದಲ್ಲಿ ಮುಖ್ಯವಾಗಿ ಇರುವುದು ಎರಡು ಪದಾರ್ಥ. ಕಣ್ಣಿಗೆ ಬಣ್ಣವಾಗಿ ಕಾಣುವ ನುಣ್ಣನೆಯ ಪುಡಿಗೆ ವರ್ಣದ್ರವ್ಯ ಎನ್ನುತ್ತಾರೆ. ಆ ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಅಂಟಿಗೆ ಬಂಧಕ ಎಂದು ಹೆಸರು. ಜಲವರ್ಣದ ಬಂಧಕ ಅರೇಬಿಕ್ ಗೋಂದು, ಅಂದರೆ ಆಫ್ರಿಕಾದಲ್ಲಿ ಬೆಳೆಯುವ ಜಾಲಿ ಜಾತಿಯ ಮರದ ಅಂಟು. ಅಕ್ರಿಲಿಕ್ ಬಣ್ಣದ ಬಂಧಕ ನೀರಿನಲ್ಲಿ ಹರಡಿಕೊಂಡಿರುವ ಪ್ಲಾಸ್ಟಿಕ್ ರಾಳ. ಆಯಿಲ್ ಪೇಸ್ಟಲ್‌ನಲ್ಲಿ ಮೇಣ ಮತ್ತು ಎಣ್ಣೆ. ತಯಾರಕರು ವೆಚ್ಚ ಇಳಿಸಬೇಕಾದಾಗ ಇವುಗಳ ಜೊತೆಗೆ ಮೂರನೆಯದೊಂದನ್ನು, ಅಂದರೆ ಸೀಮೆಸುಣ್ಣದ ಪುಡಿಯಂಥ ತುಂಬುಪುಡಿಯನ್ನು, ಹೆಚ್ಚು ಹೆಚ್ಚಾಗಿ ಸೇರಿಸುತ್ತಾರೆ. ಪೆಟ್ಟಿಗೆಯ ಮೇಲೆ ಕಾಣುವ ‘ವಿದ್ಯಾರ್ಥಿ ದರ್ಜೆ’, ‘ಕಲಾವಿದ ದರ್ಜೆ’ ಎಂಬ ಮಾತುಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇದೇ: ಮೊದಲನೆಯದರಲ್ಲಿ ವರ್ಣದ್ರವ್ಯ ಕಡಿಮೆ, ತುಂಬುಪುಡಿ ಜಾಸ್ತಿ. ಇದರಿಂದ ಬಣ್ಣ ತೆಳುವಾಗುತ್ತದೆಯೇ ಹೊರತು ಅದು ಬಾಡಿಹೋಗುವುದಕ್ಕೆ ಇದು ಕಾರಣವಲ್ಲ. ತೆಳುವಾದ ಬಣ್ಣವನ್ನು ಎರಡು ಸಲ ಬಳಿದರೆ ಗಾಢವಾಗುತ್ತದೆ. ಬಾಡುವ ಬಣ್ಣವನ್ನು ಹತ್ತು ಸಲ ಬಳಿದರೂ ಉಳಿಸಿಕೊಳ್ಳಲಾಗದು. ಈ ಎರಡು ದೋಷಗಳನ್ನು ಒಂದೆಂದೇ ಎಣಿಸಿರುವುದರಿಂದ ಅಗ್ಗದ ಸಾಮಗ್ರಿಯ ಚರ್ಚೆ ಬಹುಕಾಲದಿಂದ ದಾರಿತಪ್ಪಿದೆ.

ಬಾಡುವಿಕೆಯ ಮೂಲ ಬೇರೆ ಕಡೆ ಇದೆ. ಬಣ್ಣ ಕೊಡುವ ವಸ್ತುಗಳಲ್ಲಿ ನೀರಿನಲ್ಲಿ ಕರಗದೆ ಕಣವಾಗಿಯೇ ಉಳಿಯುವ ವರ್ಣದ್ರವ್ಯ ಒಂದು ಬಗೆಯಾದರೆ, ನೀರಿನಲ್ಲಿ ಪೂರ್ತಿ ಕರಗಿಬಿಡುವ ರಂಗು ಅಥವಾ ಡೈ ಇನ್ನೊಂದು ಬಗೆ. ಬಿಳಿ ಬಟ್ಟೆಗೆ ಹಾಕುವ ನೀಲಿಯೇ ಇದಕ್ಕೆ ಮನೆಯೊಳಗಿನ ಉದಾಹರಣೆ: ಹಳೆಯ ಕಾಲದ ನೀಲಿ ಪುಡಿಯನ್ನು ಬಕೆಟ್ಟಿನ ನೀರಿಗೆ ಹಾಕಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ತಳದಲ್ಲಿ ಕೂರುತ್ತದೆ, ಈಗಿನ ದ್ರವರೂಪದ ನೀಲಿ ಎಷ್ಟು ಹೊತ್ತು ಬಿಟ್ಟರೂ ಕೂರುವುದಿಲ್ಲ. ಮೊದಲನೆಯದು ವರ್ಣದ್ರವ್ಯ, ಎರಡನೆಯದು ಡೈ. ಕರಗಿದ ಡೈಯ ಅಣುಗಳು ಬಿಡಿಬಿಡಿಯಾಗಿ ಬೆಳಕಿಗೆ ಸಿಕ್ಕು ಬೇಗ ಒಡೆಯುತ್ತವೆ. ಕಣದೊಳಗೆ ಒತ್ತಾಗಿ ಕೂತಿರುವವು ತಾಳಿಕೊಳ್ಳುತ್ತವೆ. ಅಗ್ಗದ ಪೆಟ್ಟಿಗೆಯ ಕಣ್ಸೆಳೆಯುವ ಗುಲಾಬಿ, ನೇರಳೆ, ಹೊಳೆಯುವ ಪ್ರತಿದೀಪ್ತ ಬಣ್ಣಗಳಲ್ಲಿ ಡೈಯನ್ನು ಬಿಳಿಪುಡಿಗೆ ಹಿಡಿಸಿ ಮಾಡಿದವು ಹೆಚ್ಚು. ಮಕ್ಕಳ ಕೈ ಮೊದಲು ಹೋಗುವುದೂ ಅವುಗಳತ್ತಲೇ ಎಂಬುದು ವಿಷಾದದ ಸಂಗತಿ.

ನೀಲಿ ಪುಡಿಯ ಕಥೆಯನ್ನು ಇಲ್ಲಿ ತುಸು ವಿಸ್ತರಿಸುವುದು ಉಚಿತ, ಏಕೆಂದರೆ ಬೆಲೆ ಮತ್ತು ಬಾಳಿಕೆಯ ಸಂಬಂಧ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಪುಡಿಯ ಹೆಸರು ಅಲ್ಟ್ರಾಮರೀನ್. ಯುರೋಪಿನ ಚಿತ್ರಕಾರರು ಶತಮಾನಗಳ ಕಾಲ ಇದನ್ನು ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ಲಾಜವರ್ದ ಕಲ್ಲಿನಿಂದ ತೆಗೆಯುತ್ತಿದ್ದರು. ಅದರ ಬೆಲೆ ಚಿನ್ನದೊಂದಿಗೆ ಹೋಲಿಸುವಷ್ಟು ಏರಿತ್ತು. ಫ್ರಾನ್ಸಿನ ಕೈಗಾರಿಕಾ ಸಂಘವೊಂದು ಕೃತಕ ಅಲ್ಟ್ರಾಮರೀನ್ ಮಾಡಿದವರಿಗೆ 6,000 ಫ್ರಾಂಕ್ ಬಹುಮಾನ ಘೋಷಿಸಿತು. ಜಾನ್ ಬ್ಯಾಪ್ಟಿಸ್ಟ್ ಗಿಮೆ ಎಂಬವರು 1828ರಲ್ಲಿ ಅದನ್ನು ಗಳಿಸಿದರು. ಬಿಳಿ ಜೇಡಿ, ಸೋಡಾ, ಗಂಧಕದಂಥ ಸಾಮಾನ್ಯ ಪದಾರ್ಥಗಳನ್ನು ಕುಲುಮೆಯಲ್ಲಿ ಸುಟ್ಟು ಮಾಡಿದ ಆ ನೀಲಿ ರಾಸಾಯನಿಕವಾಗಿ ಕಲ್ಲಿನ ನೀಲಿಯೇ ಆಗಿತ್ತು, ಬೆಳಕನ್ನು ಅದರಷ್ಟೇ ತಾಳುತ್ತಿತ್ತು, ಬೆಲೆ ಮಾತ್ರ ಅಗಸರ ಮನೆಗೂ ಎಟಕುವಷ್ಟು ಇಳಿದಿತ್ತು. ಇಂದು ಅತಿ ಅಗ್ಗದ ಪೆಟ್ಟಿಗೆಯಲ್ಲಿ ಅಲ್ಟ್ರಾಮರೀನ್ ಎಂಬ ಹೆಸರಿನ ಟ್ಯೂಬ್ ಇದ್ದು, ಅದರ ಮೇಲೆ ‘ಪಿಬಿ 29’ ಎಂಬ ಸಂಕೇತ ಇದ್ದರೆ, ಒಳಗಿರುವುದು ದುಬಾರಿ ಟ್ಯೂಬಿನೊಳಗಿರುವ ವರ್ಣದ್ರವ್ಯವೇ.

ಈ ಸಂಕೇತಗಳನ್ನು ಓದಲು ಕಲಿಯುವುದಕ್ಕೆ ಅರ್ಧ ಗಂಟೆ ಸಾಕು, ಪ್ರಯೋಜನ ಮಾತ್ರ ವೃತ್ತಿಜೀವನದುದ್ದಕ್ಕೂ ಇರುತ್ತದೆ. ಮೊದಲ ಅಕ್ಷರ ‘ಪಿ’ ವರ್ಣದ್ರವ್ಯವನ್ನೂ, ಮುಂದಿನದು ಬಣ್ಣದ ಕುಲವನ್ನೂ, ಅಂಕಿ ಆ ಕುಲದೊಳಗಿನ ನಿರ್ದಿಷ್ಟ ರಾಸಾಯನಿಕವನ್ನೂ ಸೂಚಿಸುತ್ತವೆ. ಹಳದಿ ಮಣ್ಣಿನ ಸಂಕೇತ ಪಿವೈ 43, ಅದರ ಕೃತಕ ರೂಪ ಪಿವೈ 42. ಕಬ್ಬಿಣದ ಕೆಂಪು ಪಿಆರ್ 101. ಇಂಗಾಲದ ಕಪ್ಪು ಪಿಬಿಕೆ 7. ಟೈಟಾನಿಯಂ ಬಿಳಿ ಪಿಡಬ್ಲ್ಯೂ 6. ಥ್ಯಾಲೊ ನೀಲಿ ಪಿಬಿ 15. ಇವೆಲ್ಲವೂ ಕಡಿಮೆ ಬೆಲೆಯ ವರ್ಣದ್ರವ್ಯಗಳು, ಜೊತೆಗೆ ಬೆಳಕಿಗೆ ಚೆನ್ನಾಗಿ ತಾಳುವಂಥವು. ಅಗ್ಗದ ಪೆಟ್ಟಿಗೆಗಳ ಮೇಲೆ ಸಂಕೇತ ಹೆಚ್ಚಾಗಿ ಇರುವುದಿಲ್ಲ ಎಂಬುದು ನಿಜ. ಆದರೆ ಮಣ್ಣಿನ ಬಣ್ಣ, ಕಪ್ಪು, ಬಿಳಿ, ಗಾಢ ನೀಲಿಗಳಲ್ಲಿ ಮೋಸ ಮಾಡುವುದರಿಂದ ತಯಾರಕರಿಗೆ ಉಳಿಯುವುದು ಅಷ್ಟಕ್ಕಷ್ಟೇ. ಆದ್ದರಿಂದ ಸಂಕೇತವಿಲ್ಲದ ಪೆಟ್ಟಿಗೆಯಲ್ಲೂ ಈ ನಾಲ್ಕು ಕುಲದ ಬಣ್ಣಗಳನ್ನು ಬಹುಮಟ್ಟಿಗೆ ನಂಬಬಹುದು.

ಥ್ಯಾಲೊ ನೀಲಿಯ ತಾಳಿಕೆಗೆ ಸಾಕ್ಷಿ ಪ್ರತಿ ಊರಿನ ಗೋಡೆಯ ಮೇಲೂ ಇದೆ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಕಾರ್ಖಾನೆಯೊಂದರಲ್ಲಿ ಪಾತ್ರೆಯ ಒಳಲೇಪ ಬಿರುಕುಬಿಟ್ಟು, ಬಿಳಿಯಾಗಿರಬೇಕಾದ ಪದಾರ್ಥಕ್ಕೆ ಕಬ್ಬಿಣ ತಾಗಿ, ಆಕಸ್ಮಿಕವಾಗಿ ನೀಲಿ ಕಾಣಿಸಿತು. ಅದರ ಬೆನ್ನು ಹಿಡಿದು ತಾಮ್ರದಿಂದ ಮಾಡಿದ ವರ್ಣದ್ರವ್ಯ 1935ರಲ್ಲಿ ಮಾರುಕಟ್ಟೆಗೆ ಬಂತು. ಇಂದಿನ ಬಣ್ಣದ ಮುದ್ರಣದಲ್ಲಿ ಬಳಸುವ ನಾಲ್ಕು ಶಾಯಿಗಳಲ್ಲಿ ನೀಲಿಯ ಶಾಯಿ ಇದೇ ಕುಲದ್ದು. ಬಿಸಿಲು ಬೀಳುವ ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರ್ ಕೆಲವು ತಿಂಗಳಲ್ಲಿ ನಾಯಕನ ಮುಖದಿಂದ ಹಿಡಿದು ಆಕಾಶದವರೆಗೆ ಇಡಿಯಾಗಿ ನೀಲಿಗೆ ತಿರುಗುವುದನ್ನು ಎಲ್ಲರೂ ನೋಡಿರುತ್ತಾರೆ. ಅಲ್ಲಿ ನೀಲಿ ಹೊಸದಾಗಿ ಹುಟ್ಟಿರುವುದಿಲ್ಲ. ಕೆಂಪೂ ಹಳದಿಯೂ ಬಾಡಿಹೋಗಿ ನೀಲಿ ಮತ್ತು ಕಪ್ಪು ಉಳಿದಿರುತ್ತವೆ. ವ್ಯಾನ್ ಗೋ 1888ರಲ್ಲಿ ಆರ್ಲ್‌ನಲ್ಲಿ ಚಿತ್ರಿಸಿದ ತನ್ನ ಮಲಗುವ ಕೋಣೆಯ ಗೋಡೆಗಳಿಗೂ ಇದೇ ಗತಿಯಾಯಿತು. ಆ ಗೋಡೆಗಳು ತಿಳಿ ನೇರಳೆ ಎಂದು ಆತ ಪತ್ರದಲ್ಲಿ ಬರೆದಿದ್ದ. ನೇರಳೆಯೊಳಗಿನ ಕೆಂಪು ಬಾಡಿದ ಕಾರಣ ಇಂದು ನೋಡುಗರಿಗೆ ಕಾಣುವುದು ನೀಲಿ ಗೋಡೆ. ಆತ ಕೊಂಡ ಬಣ್ಣ ಪ್ಯಾರಿಸ್ಸಿನ ವ್ಯಾಪಾರಿಗಳು ಕಲಾವಿದರಿಗೆಂದೇ ಮಾರುತ್ತಿದ್ದದ್ದು ಎಂಬುದನ್ನು, ಬೆಲೆಯನ್ನೇ ಗುಣವೆಂದು ನಂಬುವವರು ಗಮನಿಸಬೇಕು.

ಹಾಗಾಗಿ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗದಿರುವುದು ಮೊದಲ ವಿವೇಕ. ಇಪ್ಪತ್ತನಾಲ್ಕು ಬಣ್ಣಗಳ ಅಗ್ಗದ ಪೆಟ್ಟಿಗೆಯಲ್ಲಿ ಅನೇಕ ಬಣ್ಣಗಳು ಉಳಿದವುಗಳನ್ನು ಬೆರೆಸಿ ಮಾಡಿದವು, ಇಲ್ಲವೇ ಬಾಡುವ ಕುಲಕ್ಕೆ ಸೇರಿದವು. ಅದೇ ಹಣಕ್ಕೆ ಹಳದಿ, ಕೆಂಪು, ಅಲ್ಟ್ರಾಮರೀನ್, ಕಬ್ಬಿಣದ ಕೆಂಪು, ಹಳದಿ ಮಣ್ಣು, ಬಿಳಿ, ಈ ಆರನ್ನು ದೊಡ್ಡ ಸೀಸೆಗಳಲ್ಲಿ ಬಿಡಿಯಾಗಿ ಕೊಂಡರೆ ತರಗತಿಗೆಲ್ಲ ಹಂಚಬಹುದು. ಹಸಿರು, ನೇರಳೆ, ಕಂದುಗಳನ್ನು ಮಕ್ಕಳೇ ಬೆರೆಸಿ ಕಂಡುಕೊಳ್ಳುವಾಗ ಪಾಠವೂ ನಡೆಯುತ್ತದೆ. ಟ್ಯೂಬಿನ ಮೇಲೆ ಬಣ್ಣದ ಹೆಸರಿನ ಮುಂದೆ ‘ಹ್ಯೂ’ ಎಂಬ ಪದ ಇದ್ದರೆ ಮೂಲ ವರ್ಣದ್ರವ್ಯದ ಬದಲು ಅದನ್ನು ಹೋಲುವ ಬೇರೊಂದನ್ನು ಬಳಸಲಾಗಿದೆ ಎಂದರ್ಥ. ಕೆಲವರು ಇದನ್ನು ವಂಚನೆ ಎಂದು ಭಾವಿಸುತ್ತಾರೆ, ಆದರೆ ಮಕ್ಕಳ ಮಟ್ಟಿಗೆ ಇದು ಒಳ್ಳೆಯದೇ: ‘ಕ್ಯಾಡ್ಮಿಯಂ ಹಳದಿ ಹ್ಯೂ’ ಎಂಬುದರಲ್ಲಿ ವಿಷಕಾರಿಯಾದ ಕ್ಯಾಡ್ಮಿಯಂ ಇರುವುದಿಲ್ಲ.

ಅಂಗಡಿಯಿಂದ ಮೊದಲು ಒಂದೇ ಪೆಟ್ಟಿಗೆ ತಂದು ಪರೀಕ್ಷಿಸಿ, ಆಮೇಲೆ ಸಗಟಾಗಿ ಕೊಳ್ಳುವುದು ಕ್ಷೇಮ. ಒಂದು ಪಾಲು ಬಣ್ಣಕ್ಕೆ ಹತ್ತು ಪಾಲು ಬಿಳಿ ಬೆರೆಸಿದಾಗ ಮೂಲ ಬಣ್ಣ ಇನ್ನೂ ಗುರುತು ಹಿಡಿಯುವಂತೆ ಉಳಿದರೆ ವರ್ಣದ್ರವ್ಯ ಸಾಕಷ್ಟಿದೆ ಎಂದು ತಿಳಿಯಬೇಕು. ಬರೀ ಬೂದುಬಿಳಿಯಾದರೆ ಹಣ ತೆತ್ತದ್ದು ತುಂಬುಪುಡಿಗೆ. ಡೈ ಬಳಸಿದ್ದಾರೆಯೇ ಎಂದು ತಿಳಿಯಲು ಬಣ್ಣದ ಪಟ್ಟಿಯೊಂದನ್ನು ಬಳಿದು ಪೂರ್ತಿ ಒಣಗಿಸಿ, ಅದರ ಮೇಲೆ ಬಿಳಿ ಪೋಸ್ಟರ್ ಬಣ್ಣ ಎಳೆಯಬೇಕು. ಸ್ವಲ್ಪ ಹೊತ್ತಿನಲ್ಲಿ ಬಿಳಿಯನ್ನು ಸೀಳಿಕೊಂಡು ಕೆಳಗಿನ ಗುಲಾಬಿಯೋ ನೇರಳೆಯೋ ಮೇಲೇರಿದರೆ ಅದು ಕರಗುವ ರಂಗು. ಆಯಿಲ್ ಪೇಸ್ಟಲ್‌ನಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದನ್ನು ಉಜ್ಜಿದಾಗ ಎರಡನೆಯದು ಹಿಡಿಯದೆ ಜಾರಿದರೆ ಮೇಣ ಅತಿಯಾಗಿದೆ.

ರಿಯಾಯಿತಿಗೆ ಕಾರಣವೇನೆಂದು ಕೇಳುವುದೂ ಪರೀಕ್ಷೆಯ ಭಾಗವೇ. ಶಾಲೆ ತೆರೆಯುವ ಜೂನ್ ತಿಂಗಳ ಭರಾಟೆ ಮುಗಿದ ಮೇಲೆ ಉಳಿದ ಸರಕು, ಹೊರಪೆಟ್ಟಿಗೆ ನಜ್ಜಾದ ಸರಕು, ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ಸರಕು, ಇವು ಮೂರೂ ಒಂದೇ ಬುಟ್ಟಿಯಲ್ಲಿ ಬಂದು ಬೀಳುತ್ತವೆ. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ನಿವ್ವಳ ಪ್ರಮಾಣ, ತಯಾರಾದ ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಇವೇನೂ ಇಲ್ಲದ ಸರಕನ್ನು ಎಷ್ಟೇ ಅಗ್ಗವಾದರೂ ಮಕ್ಕಳಿಗೆ ಕೊಳ್ಳಬಾರದು. ಹಳೆಯ ಸರಕಿನ ವಿಷಯದಲ್ಲಿ ಬಂಧಕದ ಜ್ಞಾನ ನೇರವಾಗಿ ಹಣ ಉಳಿಸುತ್ತದೆ. ಗೋಂದಿನಿಂದ ಮಾಡಿದ ಬಿಲ್ಲೆ ಬಣ್ಣ, ಟ್ಯೂಬಿನ ಜಲವರ್ಣ, ಪೋಸ್ಟರ್ ಬಣ್ಣಗಳು ಕಲ್ಲಿನಂತೆ ಒಣಗಿದ್ದರೂ ನೀರು ಹನಿಸಿ ಒಂದು ರಾತ್ರಿ ಬಿಟ್ಟರೆ ಮತ್ತೆ ಕರಗುತ್ತವೆ, ಆದ್ದರಿಂದ ಗಟ್ಟಿಯಾಗಿದೆ ಎಂದು ಅರ್ಧ ಬೆಲೆಗೆ ಕೊಡುವ ಪೋಸ್ಟರ್ ಬಣ್ಣವನ್ನು ಧೈರ್ಯವಾಗಿ ಕೊಳ್ಳಬಹುದು. ಬೂಸ್ಟು ಹಿಡಿದು ಕೊಳೆತ ವಾಸನೆ ಬರುತ್ತಿದ್ದರೆ ಮಾತ್ರ ಬೇಡ. ಅಕ್ರಿಲಿಕ್ ಹಾಗಲ್ಲ. ಅದರ ರಾಳದ ಕಣಗಳು ಒಣಗುವಾಗ ಒಂದಕ್ಕೊಂದು ಬೆಸೆದುಕೊಳ್ಳುವುದರಿಂದ ಮತ್ತೆ ನೀರಿಗೆ ಬಿಡುವುದಿಲ್ಲ, ಟ್ಯೂಬಿನೊಳಗೆ ಒಣಗಿದ್ದು ಕಸವೇ ಸರಿ. ಟ್ಯೂಬನ್ನು ಮೆಲ್ಲನೆ ಹಿಸುಕಿ ನೋಡಿದರೆ ಇದು ತಿಳಿಯುತ್ತದೆ.

ಇನ್ನು ಕಾಗದ. ಉಳಿತಾಯ ಮಾಡಬಾರದ ಜಾಗ ಒಂದೇ ಒಂದು ಇದ್ದರೆ ಅದು ಇದು, ಮತ್ತು ಶಾಲೆಗಳು ಅತಿ ಹೆಚ್ಚು ಉಳಿಸಲು ಹೋಗುವುದೂ ಇಲ್ಲಿಯೇ. ಒಳ್ಳೆಯ ಕಾಗದದ ಮೇಲೆ ಸಾಧಾರಣ ಬಣ್ಣವೂ ಮಾತು ಕೇಳುತ್ತದೆ. ನೀರು ಬಿದ್ದೊಡನೆ ಹೀರಿ ಉಬ್ಬುವ ತೆಳ್ಳನೆಯ ಹಾಳೆಯ ಮೇಲೆ ಅತ್ಯುತ್ತಮ ಬಣ್ಣವೂ ಕೆಸರಾಗುತ್ತದೆ, ಮಗು ಆ ತಪ್ಪು ತನ್ನ ಕೈಯದೆಂದು ತಿಳಿದು ಕುಂಚ ಕೆಳಗಿಡುತ್ತದೆ. ಕಾಗದದ ದಪ್ಪವನ್ನು ಜಿಎಸ್‌ಎಂ ಎಂಬ ಅಳತೆಯಿಂದ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದು ಇದರ ಅರ್ಥ. ಜೆರಾಕ್ಸ್ ಕಾಗದ 70ರಿಂದ 80 ಜಿಎಸ್‌ಎಂ ಇದ್ದರೆ, ಜಲವರ್ಣಕ್ಕೆ ತಕ್ಕ ಕಾಗದ 300ರ ಆಸುಪಾಸಿನದು. ಲೇಬಲ್ ಇಲ್ಲದ ಬಿಡಿ ಹಾಳೆಗಳ ಜಿಎಸ್‌ಎಂ ತಿಳಿಯಲು ಅಂಗಡಿಯ ತಕ್ಕಡಿಯೇ ಸಾಕು. ಎ4 ಅಳತೆಯ ಹದಿನಾರು ಹಾಳೆ ಸೇರಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್ ಆಗುವುದರಿಂದ, ಹದಿನಾರು ಹಾಳೆಗಳ ತೂಕ ಗ್ರಾಂ ಲೆಕ್ಕದಲ್ಲಿ ಎಷ್ಟೋ ಆ ಕಾಗದದ ಜಿಎಸ್‌ಎಂ ಅಷ್ಟೇ. 80 ಜಿಎಸ್‌ಎಂ ಎಂದು ಹೇಳಿ ಮಾರುವ 500 ಹಾಳೆಗಳ ರೀಮು ಎರಡೂವರೆ ಕಿಲೋ ತೂಗಬೇಕು. ಎರಡು ಕಿಲೋ ಇನ್ನೂರು ಗ್ರಾಂಗೆ ನಿಂತರೆ ಕೈಗೆ ಬಂದದ್ದು 70ರ ಕಾಗದ.

ತೂಕದಷ್ಟೇ ಮುಖ್ಯವಾದದ್ದು ಕಾಗದದ ಮೈಗೆ ಹಚ್ಚಿದ ಅಂಟುಲೇಪ. ತಯಾರಿಕೆಯ ವೇಳೆ ಹಚ್ಚುವ ಪಿಷ್ಟದ ಅಥವಾ ಸರಸಿನ ತೆಳು ಲೇಪವೇ ನೀರನ್ನು ಮೇಲ್ಮೈಯಲ್ಲಿ ತಡೆದು ನಿಲ್ಲಿಸುತ್ತದೆ. ಒಂದು ಹನಿ ನೀರು ಬಿಟ್ಟು, ಅದು ಮುತ್ತಿನಂತೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿದರೆ ಲೇಪದ ಗುಣ ಗೊತ್ತಾಗುತ್ತದೆ. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ಪದಾರ್ಥವನ್ನು ತೆಗೆಯದೆ ಮಾಡಿದ ನ್ಯೂಸ್‌ಪ್ರಿಂಟ್ ಬಿಸಿಲಿಗೆ ಬೇಗ ಹಳದಿಯಾಗುವುದರಿಂದ ಅದು ಗೆರೆಯ ಅಭ್ಯಾಸಕ್ಕೆ ಸಾಕು, ಉಳಿಯಬೇಕಾದ ಚಿತ್ರಕ್ಕೆ ಸಲ್ಲದು. ಊರಿನ ಮುದ್ರಣಾಲಯದಲ್ಲಿ ಲಗ್ನಪತ್ರಿಕೆ ಕತ್ತರಿಸಿ ಉಳಿದ ದಪ್ಪ ಹಾಳೆಯ ತುಂಡುಗಳನ್ನು ವಿಚಾರಿಸುವುದು ಒಳ್ಳೆಯದು; ಅಂಗೈ ಅಗಲದ ಹಾಳೆಯ ಮೇಲೆ ಬಿಡಿಸುವ ಪುಟ್ಟ ಚಿತ್ರ ದೊಡ್ಡ ಹಾಳೆಯ ಭಯವನ್ನೂ ಬಿಡಿಸುತ್ತದೆ. ನೂರು ರೂಪಾಯಿ ಇದ್ದರೆ ಅರವತ್ತನ್ನು ಕಾಗದಕ್ಕೂ ಉಳಿದದ್ದನ್ನು ಬಣ್ಣ ಕುಂಚಗಳಿಗೂ ಇಡುವುದು ಸರಿಯಾದ ಹಂಚಿಕೆ ಎಂಬುದು ಈ ಪತ್ರದ ದೃಢ ನಿಲುವು.

ಪೆನ್ಸಿಲಿನ ವಿಷಯ ಸುಲಭ. ತುದಿಯತ್ತ ನೋಡಿದಾಗ ಕಡ್ಡಿ ಮರದ ನಟ್ಟನಡುವೆ ಇದ್ದರೆ ಕೆತ್ತುವಾಗ ಮುರಿಯದು, ಒಂದು ಪಕ್ಕಕ್ಕೆ ಸರಿದಿದ್ದರೆ ಮುರಿಯುತ್ತದೆ. ಕುಂಚವನ್ನು ಆರಿಸುವಾಗ ಕೂದಲನ್ನು ಹಿಡಿಗೆ ಬಿಗಿಯುವ ಲೋಹದ ಕೊಳವೆ ಅಲ್ಲಾಡದೆ ಇದೆಯೇ, ಮೆಲ್ಲನೆ ಎಳೆದರೆ ಕೂದಲು ಕೈಗೆ ಬರುತ್ತದೆಯೇ ಎಂದು ನೋಡಬೇಕು. ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು ನೈಲಾನ್ ಕುಂಚಗಳು ಮಗುವಿಗೆ ಸಾಕು, ಹನ್ನೆರಡರ ಕಟ್ಟು ವ್ಯರ್ಥ. ಅಗ್ಗದ ಕುಂಚಗಳ ರಾಶಿಯಲ್ಲಿ ಒಂದೇ ಕೂದಲಿನಲ್ಲಿ ಕಂದು ಮತ್ತು ತಿಳಿ ಬಣ್ಣದ ಪಟ್ಟೆಗಳಿರುವ ಬಿರುಸು ಕುಂಚ ಕಂಡರೆ ಎಚ್ಚರಿಕೆ ಅಗತ್ಯ. ಅದು ಮುಂಗುಸಿಯ ಕೂದಲಿರಬಹುದು. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಅದರ ಕೂದಲಿನ ವ್ಯಾಪಾರ ಅಪರಾಧ. ಆ ಕೂದಲಿಗಾಗಿ ಪ್ರಾಣಿಯನ್ನು ಕೊಲ್ಲುತ್ತಾರೆ ಎಂದು ತಿಳಿದ ಯಾವ ಮಗುವೂ ಆ ಕುಂಚವನ್ನು ಮುಟ್ಟಲಾರದು.

ಸುರಕ್ಷತೆಯ ವಿಷಯದಲ್ಲಿ ಇನ್ನೂ ಒಂದು ಕಟ್ಟುನಿಟ್ಟು ಬೇಕು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಯಾಗಿ ತೂಗಿ ಮಾರುವ ಬಣ್ಣದ ಪುಡಿ ಅತ್ಯಂತ ಅಗ್ಗ, ಫೆವಿಕಾಲ್ ಅಥವಾ ಗೋಂದು ಸೇರಿಸಿದರೆ ಬಣ್ಣವೂ ಸಿದ್ಧ. ಆದರೆ ಕ್ರೋಮ್ ಹಳದಿ ಎಂಬ ಪುಡಿ ಸೀಸದ ಸಂಯುಕ್ತ. ಅದರ ಜೊತೆ ನೀಲಿ ಬೆರೆಸಿ ಮಾಡಿದ ಹಸಿರಿನಲ್ಲೂ ಅದೇ ಸೀಸ ಇರುತ್ತದೆ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿದೆ. ಹೆಸರು ವಿಳಾಸವಿಲ್ಲದ ಬಿಡಿ ಪುಡಿಗೆ ಅಂಥ ಖಾತರಿ ಕೊಡುವವರು ಯಾರೂ ಇಲ್ಲ. ಆದ್ದರಿಂದ ಬಿಡಿ ಪುಡಿಯಲ್ಲಿ ಹಳದಿ, ಹಸಿರು, ಕಿತ್ತಳೆಗಳನ್ನು ಶಾಲೆಯೊಳಗೆ ತರುವುದೇ ಬೇಡ. ಯಾವ ಪುಡಿಯನ್ನೇ ಆಗಲಿ ಮಕ್ಕಳ ಎದುರು ಒಣದಾಗಿ ಕಲಸಬಾರದು, ಮೊದಲೇ ನೀರಿನಲ್ಲಿ ನೆನೆಸಿಟ್ಟಿರಬೇಕು.

ಅಂಗಡಿಗೇ ಹೋಗದೆ ದೊರೆಯುವ ಸಾಮಗ್ರಿಯನ್ನು ಈ ನಾಡು ಬಹುಕಾಲದಿಂದ ಬಲ್ಲದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದೆ ಬರೆದ ಚಿತ್ರಗಳು ಕೆಮ್ಮಣ್ಣಿನವು. ಕರಾವಳಿಯ ಕಾವಿ ಕಲೆಯ ಕೆಂಪೂ ಕಬ್ಬಿಣ ತುಂಬಿದ ಮಣ್ಣಿನದೇ. ಸಂಕೇತದ ಭಾಷೆಯಲ್ಲಿ ಹೇಳುವುದಾದರೆ ಇವು ಪಿಆರ್ 102, ಅಂದರೆ ಪಿಆರ್ 101ರ ನೈಸರ್ಗಿಕ ರೂಪ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನ ನೆಲೆ ಕಟ್ಟಿ, ಅಕ್ಕಿ ಹಿಟ್ಟಿನ ಬಿಳಿಯನ್ನೂ ಹುರಿದು ಕರಕಾಗಿಸಿದ ಅಕ್ಕಿಯ ಕಪ್ಪನ್ನೂ ಪುಂಡಿ ನಾರಿನ ಕುಂಚದಲ್ಲಿ ಎಳೆಯುತ್ತಾರೆ. ಆ ಗೆರೆಯ ನಿಖರತೆಯನ್ನು ಕಂಡವರು ದುಬಾರಿ ಕುಂಚವಿಲ್ಲದೆ ಸೂಕ್ಷ್ಮ ಕೆಲಸ ಸಾಧ್ಯವಿಲ್ಲವೆಂದು ಹೇಳಲಾರರು. ಮೈಸೂರು ಶೈಲಿಯ ಚಿತ್ರಕಾರರು ರೇಖೆ ಹಾಕಲು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟ ಇದ್ದಿಲನ್ನು ಬಳಸುತ್ತಿದ್ದರು. ಗಾಳಿಯಾಡದಂತೆ ಮುಚ್ಚಿದ ತಗಡಿನ ಡಬ್ಬಿಯ ಮುಚ್ಚಳಕ್ಕೆ ಸಣ್ಣ ತೂತು ಮಾಡಿ, ಬೆರಳು ಗಾತ್ರದ ಒಣ ಕಡ್ಡಿಗಳನ್ನು ತುಂಬಿ, ಹೊಗೆ ನಿಲ್ಲುವವರೆಗೆ ಒಲೆಯ ಕೆಂಡದ ಮೇಲಿಟ್ಟರೆ ಇಡೀ ತರಗತಿಗಾಗುವಷ್ಟು ಇದ್ದಿಲು ಶಿಕ್ಷಕರ ಕೈಯಲ್ಲೇ ತಯಾರಾಗುತ್ತದೆ. ಬಣ್ಣ ಬೆರೆಸಲು ಒಡೆದ ಬಿಳಿ ಟೈಲ್ಸಿನ ತುಂಡು, ಅಂಚು ಉಜ್ಜಿ ಮೊಂಡಾಗಿಸಿದರೆ, ಯಾವ ಪ್ಯಾಲೆಟ್ಟಿಗೂ ಕಡಿಮೆಯಲ್ಲ. ಸ್ಟೀಲ್ ತಟ್ಟೆಯ ಬೂದು ಹೊಳಪು ಬಣ್ಣದ ಅಂದಾಜು ತಪ್ಪಿಸುತ್ತದೆ.

ಕೊರತೆಗೆ ಹುಡುಕಿದ ಪರಿಹಾರಗಳೂ ಶಾಲಾ ಮಕ್ಕಳಿಗೆಂದು ಮಾಡಿದ ಸಾಮಗ್ರಿಗಳೂ ಕಲೆಯ ಮುಖ್ಯ ಸಾಧನಗಳಾಗಿ ನಿಂತ ಇತಿಹಾಸವೂ ಇದೆ. ಯುದ್ಧದ ದೆಸೆಯಿಂದ ಇಂಗ್ಲೆಂಡಿನ ಗಟ್ಟಿ ಗ್ರಾಫೈಟ್ ಫ್ರಾನ್ಸಿಗೆ ಬರುವುದು ನಿಂತಾಗ, ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟ ಕಡ್ಡಿಯನ್ನು ರೂಪಿಸಿದ. ಇಂದಿನ ಎಲ್ಲ ಪೆನ್ಸಿಲುಗಳ ಎಚ್‌ಬಿ, 2ಬಿ, 4ಬಿಗಳು ಆ ಮಣ್ಣಿನ ಪ್ರಮಾಣದ ಏರಿಳಿತಗಳೇ. ಜಪಾನಿನ ಮುದ್ರಣ ಕಲಾವಿದ ಯಮಮೊಟೊ ಕನಾಯೆ, ಮಕ್ಕಳು ಮಾದರಿ ಚಿತ್ರಗಳನ್ನು ನಕಲು ಮಾಡುವ ಬದಲು ಕಂಡದ್ದನ್ನು ತಮ್ಮಷ್ಟಕ್ಕೆ ಬಿಡಿಸಬೇಕೆಂದು 1919ರ ಹೊತ್ತಿಗೆ ಚಳವಳಿಯನ್ನೇ ಕಟ್ಟಿದರು. ಆ ಚಳವಳಿಯ ಬೆನ್ನಿಗೆ, 1920ರ ದಶಕದ ನಡುವಿನಲ್ಲಿ, ಶಾಲಾ ಮಕ್ಕಳಿಗಾಗಿ ಆಯಿಲ್ ಪೇಸ್ಟಲ್ ಹುಟ್ಟಿತು. ಪಿಕಾಸೊನಂಥವರು ಇದನ್ನೇ ಕಲಾವಿದರ ದರ್ಜೆಯಲ್ಲಿ ಮಾಡಿಕೊಡಲು ಪ್ಯಾರಿಸ್ಸಿನ ಬಣ್ಣದ ತಯಾರಕರನ್ನು ಕೇಳಿಕೊಂಡದ್ದು ಎರಡನೆಯ ಮಹಾಯುದ್ಧದ ನಂತರ. ಶಾಲೆಯ ಬಳಪ ಕಲಾವಿದನ ಕೈ ಸೇರಿತು.

ಪ್ರತಿಭಾ ಕಾರಂಜಿಯ ಚಿತ್ರಕಲಾ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕೂರುವವರೂ ತಮ್ಮಲ್ಲಿ ಅನೇಕರಿದ್ದಾರೆ. ಇಪ್ಪತ್ತನಾಲ್ಕು ಬಣ್ಣಗಳ ಹೊಳಪು ತುಂಬಿದ ಹಾಳೆಯ ಪಕ್ಕದಲ್ಲಿ ಮೂರೇ ಬಣ್ಣ ಬೆರೆಸಿ ಮಾಡಿದ ಮಂಕು ಹಾಳೆಯೊಂದು ಇದ್ದರೆ, ಆ ಮಂಕಿನೊಳಗೆ ಎಷ್ಟು ಬೆರಕೆಯ ಲೆಕ್ಕಾಚಾರ ನಡೆದಿದೆ ಎಂದು ಒಂದು ಕ್ಷಣ ನಿಂತು ನೋಡುವ ಸಹನೆಯನ್ನು ಈ ಪತ್ರ ಕಳಕಳಿಯಿಂದ ಕೋರುತ್ತದೆ.

ಕೊನೆಯದಾಗಿ, ರಾಜ್ಯದ ಎಲ್ಲ ಶಾಲೆಗಳೂ ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸವಿದೆ. ಬಣ್ಣ ಬೆಳಕಿಗೆ ಎಷ್ಟು ತಾಳುತ್ತದೆ ಎಂಬುದನ್ನು ಪ್ರಯೋಗಾಲಯಗಳು ದೀಪದ ಕೆಳಗೆ ಅಳೆಯುತ್ತವೆ, ಕರ್ನಾಟಕದ ಬೇಸಿಗೆಗೆ ಆ ದೀಪದ ಹಂಗಿಲ್ಲ. ಫೆಬ್ರವರಿಯಲ್ಲಿ, ಊರಿನ ರಿಯಾಯಿತಿ ಅಂಗಡಿಯಿಂದ ತಂದ ಪ್ರತಿ ಬಣ್ಣದ ಎರಡು ಬೆರಳಗಲದ ಪಟ್ಟಿಯನ್ನು ಒಂದೇ ಹಾಳೆಯ ಮೇಲೆ ಸಾಲಾಗಿ ಬಳಿಸಿ, ಅರ್ಧ ಭಾಗವನ್ನು ಕಪ್ಪು ರಟ್ಟಿನಿಂದ ಮುಚ್ಚಿ ಪಿನ್ನು ಹಾಕಿ, ಪಡುವಣ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿನ ಸೂರ್ಯ ನಡುಹಗಲಿಗೆ ನೆತ್ತಿಯ ಮೇಲೆಯೇ ಇರುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಸಿಗದು, ಮಧ್ಯಾಹ್ನದ ನಂತರದ ಓರೆ ಬಿಸಿಲು ಸಿಗುವುದು ಪಡುವಣಕ್ಕೆ. ಹಾಳೆಯ ಹಿಂದೆ ಬಣ್ಣದ ತಯಾರಕರ ಹೆಸರು, ಕೊಂಡ ಬೆಲೆ, ದಿನಾಂಕಗಳನ್ನು ಮಕ್ಕಳ ಕೈಯಿಂದಲೇ ಬರೆಸಿಡಬೇಕು. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ರಟ್ಟನ್ನು ತೆಗೆಯುವುದೂ ಮಕ್ಕಳೇ ಆಗಿರಲಿ. ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ವ್ಯತ್ಯಾಸ ಕಾಣದ ಪಟ್ಟಿಗಳನ್ನು ಗುರುತಿಸಿ, ಆ ಹಾಳೆಯನ್ನು ತಾಲ್ಲೂಕಿನ ಚಿತ್ರಕಲಾ ಶಿಕ್ಷಕರ ಸಭೆಗೆ ತಂದು ಬೇರೆ ಶಾಲೆಗಳ ಹಾಳೆಗಳ ಪಕ್ಕದಲ್ಲಿ ಹರಡಿದರೆ, ಆ ವರ್ಷದ ಖರೀದಿಯ ಪಟ್ಟಿಯನ್ನು ಅಲ್ಲಿಯೇ ಕೂತು ಬರೆಯಬಹುದು.